ಪೇಸ್ಟ್ ತಿಕ್ಕಿದರೆ ಸಿಮೆಂಟಿನ ಸಂದಿ ಮುಚ್ಚುವುದಿಲ್ಲ

ಮಾನ್ಯರೆ,

ಬಿಳಿ ಸಿಮೆಂಟ್ ಹಾಕಿಸಿದ ಹಲ್ಲು ತಣ್ಣೀರಿಗೆ ಜುಂ ಅನ್ನುತ್ತದೆ ಎಂದರೆ ಹುಬ್ಬಳ್ಳಿಯಿಂದ ಮುಂಡರಗಿಯವರೆಗೆ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ: ಸೆನ್ಸಿಟಿವ್ ಪೇಸ್ಟ್ ತಂದು ತಿಕ್ಕಿ. ಇಂಥ ಪೇಸ್ಟುಗಳಲ್ಲಿ ಹೆಚ್ಚಿನವುಗಳಲ್ಲಿ 5% ಪೊಟ್ಯಾಸಿಯಂ ನೈಟ್ರೇಟ್ ಇರುತ್ತದೆ. ಅದು ನರವನ್ನು ಮಂಕಾಗಿಸುತ್ತದೆ, ಅದಕ್ಕೂ ಎರಡರಿಂದ ನಾಲ್ಕು ವಾರ ಬೇಕು. ಸಿಮೆಂಟಿಗೂ ಹಲ್ಲಿಗೂ ನಡುವೆ ಬಿಟ್ಟ ಸಂದಿ ಹಾಗೇ ಉಳಿದು, ಒಳಗೆ ಹುಳುಕು ಬೆಳೆಯಬಹುದು.

ಸಂದಿ ಬೀಳುವುದೇಕೆ? ಬಿಳಿ ಸಿಮೆಂಟ್, ಅಂದರೆ ಕಂಪೋಸಿಟ್ ಎಂಬ ರಾಳ, ಗಟ್ಟಿಯಾಗುವಾಗ ಸುಮಾರು 2ರಿಂದ 3% ಕುಗ್ಗುತ್ತದೆ. ಆ ಎಳೆತವನ್ನು ತಡೆದುಕೊಳ್ಳಬೇಕಾದದ್ದು ಅದನ್ನು ಹಲ್ಲಿಗೆ ಅಂಟಿಸುವ ಕೆಳಗಿನ ಅಂಟುದ್ರವ, ಬಾಂಡಿಂಗ್. ಹಲ್ಲಿನ ಗಟ್ಟಿ ಹೊರಕವಚವಾದ ಎನಾಮಲ್ ಇರುವ ಅಂಚಿನಲ್ಲಿ ಅದು ಗಟ್ಟಿಯಾಗಿ ಹಿಡಿಯುತ್ತದೆ. ಒಸಡಿನ ಹತ್ತಿರ ಬರೀ ಡೆಂಟಿನ್ (ಎನಾಮಲ್ಲಿನ ಒಳಗಿನ ಪದರ) ಇರುವ ಅಂಚಿನಲ್ಲಿ ಹಿಡಿತ ದುರ್ಬಲ. ಬ್ರಷ್ ಅಡ್ಡಡ್ಡ ತಿಕ್ಕಿ ಬುಡ ಸವೆದ ಹಲ್ಲಿನ ಸಿಮೆಂಟು ಮೊದಲು ಸೋರುವುದು ಅದಕ್ಕೇ. ಡೆಂಟಿನ್ ತುಂಬ 1ರಿಂದ 2.5 ಮೈಕ್ರಾನ್ ಅಗಲದ ಕೊಳವೆಗಳಿವೆ. ಸಂದಿ ಬಿದ್ದರೆ ತಂಪು ತಾಕಿದಾಗ, ಕಡಿದಾಗ ಅವುಗಳ ದ್ರವ ಅಲುಗಿ ನರಕ್ಕೆ ತಟ್ಟುತ್ತದೆ. ಸ್ವೀಡನ್ನಿನ ದಂತ ಸಂಶೋಧಕ ಬ್ರಾನ್‌ಸ್ಟ್ರೋಮ್ 1960ರ ದಶಕದಲ್ಲಿ ವಿವರಿಸಿದ್ದು ಇದನ್ನೇ.

ಜುಂ ಅನ್ನುವುದನ್ನು ತಗ್ಗಿಸುವ ಔಷಧಿಗೆ (ಡಿಸೆನ್ಸಿಟೈಸರ್) ಜಾಗ ಇದೆ, ಆದರೆ ಅದು ಸಿಮೆಂಟಿನ ಕೆಳಗೆ. ಬಾಂಡಿಂಗ್ ಹಿಡಿಯಲೆಂದು ಮೊದಲು ಹಚ್ಚುವ 37% ಫಾಸ್ಫಾರಿಕ್ ಆಸಿಡ್ ಡೆಂಟಿನ್ ಮೇಲೆ 15 ಸೆಕೆಂಡಿಗಿಂತ ಹೆಚ್ಚು ಬೇಡ. ಚೆನ್ನಾಗಿ ತೊಳೆದು, ಹತ್ತಿಯಿಂದ ಒತ್ತಿ, ಮೇಲ್ಮೈ ಸಣ್ಣಗೆ ಮಿನುಗುವಷ್ಟು ಪಸೆ ಬಿಡಬೇಕು. ಗಾಳಿ ಹೊಡೆದು ಪೂರ್ತಿ ಒಣಗಿಸಿದರೆ ಡೆಂಟಿನ್ನಿನ ನಾರಿನ ಬಲೆ ಕುಸಿಯುತ್ತದೆ, ಬಾಂಡಿಂಗ್ ಒಳಗಿಳಿಯುವುದಿಲ್ಲ. ನೀರು ನಿಂತರೆ ಬಾಂಡಿಂಗ್ ತೆಳ್ಳಗಾಗುತ್ತದೆ. ಈ ಹಂತದಲ್ಲಿ 5% ಗ್ಲುಟರಾಲ್ಡಿಹೈಡ್, 35% ಹೆಮಾ (HEMA ಎಂಬ ರಾಳದ್ರವ) ಇರುವ ಡಿಸೆನ್ಸಿಟೈಸರ್ ದ್ರಾವಣವನ್ನು 30ರಿಂದ 60 ಸೆಕೆಂಡು ಬಿಟ್ಟು, ತೊಳೆದು, ಪಸೆ ಉಳಿಸಿಕೊಂಡೇ ಬಾಂಡಿಂಗ್ ಹಚ್ಚಬೇಕು. ಗ್ಲುಟರಾಲ್ಡಿಹೈಡ್ ಕೊಳವೆಯೊಳಗಿನ ಪ್ರೋಟೀನನ್ನು ಹೆಪ್ಪುಗಟ್ಟಿಸುತ್ತದೆ, ಹೆಮಾ ಬಾಂಡಿಂಗ್ ಇಳಿಯಲು ದಾರಿ ಮಾಡುತ್ತದೆ. ಈ ದ್ರಾವಣ ಒಸಡಿಗೆ ತಾಗಿದರೆ ಸುಡುತ್ತದೆ, ಆದ್ದರಿಂದ ಹಲ್ಲನ್ನು ಬೇರ್ಪಡಿಸುವ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್) ಬೇಕೇ ಬೇಕು. ಫ್ಲೋರೈಡ್ ವಾರ್ನಿಶ್ ಮಾತ್ರ ಬಾಂಡಿಂಗಿಗೆ ಮುಂಚೆ ಹಚ್ಚಲೇಬಾರದು. ಅದರ ಅಂಟಿನ ಪೊರೆ ಉಳಿದರೆ ಸಿಮೆಂಟು ಕೂರುವುದು ಹಲ್ಲಿನ ಮೇಲಲ್ಲ, ಆ ಪೊರೆಯ ಮೇಲೆ. ಲವಂಗದೆಣ್ಣೆಯ ತಾತ್ಕಾಲಿಕ ಸಿಮೆಂಟಿನ ಉಳಿಕೆಯೂ ಅಷ್ಟೇ ಕೆಟ್ಟದ್ದು. ಅದರ ಯೂಜಿನಾಲ್ ರಾಳ ಗಟ್ಟಿಯಾಗಲು ಬಿಡುವುದಿಲ್ಲ.

ನಮ್ಮ ಭಾಗಕ್ಕೇ ಸೇರಿದ ಇನ್ನೊಂದು ತೊಡಕಿದೆ. ಮುಂಡರಗಿ ಸೀಮೆಯ ಬೋರ್‌ವೆಲ್ ನೀರು ಕುಡಿದು ಬೆಳೆದ ಎಷ್ಟೋ ಜನರ ಹಲ್ಲಿನ ಮೇಲೆ ಫ್ಲೋರೈಡಿನ ಕಂದು ಕಲೆ ಇದೆ. ಆ ಎನಾಮಲ್ಲಿನ ಹೊರಪದರ ಆಸಿಡ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ಆಸಿಡ್ ತೊಳೆದು ಎನಾಮಲ್ ಅಂಚನ್ನು ಮಾತ್ರ ಒಣಗಿಸಿದಾಗ ಅದು ಸುಣ್ಣ ಬಳಿದಂತೆ ಮಂಕಾಗಿ ಬೆಳ್ಳಗೆ ಕಾಣಬೇಕು. ಹೊಳಪು ಉಳಿದಿದ್ದರೆ ಆಸಿಡ್ ಕಚ್ಚಿಲ್ಲ. ಅಂಥ ಹಲ್ಲಿನಲ್ಲಿ ಹೊರಪದರವನ್ನು ಕೊರೆಯುವ ಮೊನೆಯಿಂದ (ಬರ್) ತೆಳುವಾಗಿ ಕೆರೆದು, ಎನಾಮಲ್ಲಿಗೆ 30 ಸೆಕೆಂಡು ಅಥವಾ ಇನ್ನೂ ಹೆಚ್ಚು ಹೊತ್ತು ಆಸಿಡ್ ಕೊಡಬೇಕು. ಡೆಂಟಿನ್‌ಗೆ ಕೊನೆಯ 15 ಸೆಕೆಂಡು ಮಾತ್ರ. ಇದನ್ನು ನಮ್ಮ ಕ್ಲಿನಿಕ್‌ಗಳು ರೂಢಿಯಾಗಿಯೇ ಮಾಡಬೇಕು.

ಕಂಪೋಸಿಟನ್ನು ಎರಡೆರಡು ಮಿಲಿಮೀಟರ್ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ಅದನ್ನು ಗಟ್ಟಿಯಾಗಿಸುವ ಲೈಟನ್ನು 20 ಸೆಕೆಂಡು ಹಿಡಿಯಬೇಕು. ಲೈಟಿನ ತುದಿಗೆ ಹಿಂದಿನ ಸಿಮೆಂಟಿನ ಒಣಚೂರು ಅಂಟಿದ್ದರೆ ಆಳದ ಪದರ ಹಸಿಯಾಗಿಯೇ ಉಳಿಯುತ್ತದೆ.

ಹಾಕಿಸಿಕೊಂಡವರು ಗಮನಿಸಬೇಕಾದದ್ದು: ಖಡಕ್ ರೊಟ್ಟಿ ಕಡಿದಾಗ ಮಾತ್ರ ಚುಳಕ್ ಅಂದರೆ ಸಿಮೆಂಟು ಎತ್ತರವಾಗಿರಬಹುದು, ಬಣ್ಣದ ಕಾಗದ ಕಚ್ಚಿಸಿ ನೋಡಿ ತುಸು ಉಜ್ಜಿದರೆ ಸರಿಹೋದೀತು. ಮೂರು ವಾರ ಕಳೆದರೂ ತಂಪಿಗೆ ಜುಂ ಅನ್ನುತ್ತಿದ್ದರೆ, ಹಲ್ಲುಸಂದಿಯಲ್ಲಿ ಎಳೆದ ಫ್ಲಾಸ್ ದಾರ ಎಳೆಎಳೆಯಾಗಿ ಪಿಸಿಯುತ್ತಿದ್ದರೆ, ಅಂಚಿನ ಕಂದು ಗೆರೆ ಪಾಲಿಶ್ ಮಾಡಿದರೂ ಹೋಗದಿದ್ದರೆ ಸೋರಿಕೆಯ ಗುಮಾನಿ. ಆ ಸಿಮೆಂಟನ್ನು ತೆಗೆದು ನೋಡಿ ಎಂದು ಕೇಳುವುದು ರೋಗಿಯ ಹಕ್ಕು. ತಂಪು ತೆಗೆದ ಮೇಲೂ ನಿಮಿಷಗಟ್ಟಲೆ ನೋವು ನಿಂತರೆ, ರಾತ್ರಿ ತಾನಾಗಿ ಮಿಡಿದರೆ, ನರಕ್ಕೇ ಪೆಟ್ಟಾಗಿರುವ ಸಂಭವ ಹೆಚ್ಚು. ಆಗ ಪೇಸ್ಟ್ ತಿಕ್ಕುತ್ತ ಒಂದು ದಿನವನ್ನೂ ಕಳೆಯಬಾರದು.

– ದಂತವೈದ್ಯ, ಗದಗ