ಅಕ್ಷರ ಗುಂಡಿನ ಹತ್ತಿರದಿಂದ, ಮಗಳಿಗೊಂದು ಪತ್ರ

ಪುಟ್ಟೀ,

ನಾವು ಇಲ್ಲಿ ಕ್ಷೇಮ. ನಿನ್ನ ಕ್ಷೇಮಕ್ಕೆ ಆಗಾಗ ಬರೆಯುತ್ತಿರು. ಅಜ್ಜನ ಇನ್‌ಲ್ಯಾಂಡ್ ಲೆಟರ್ ಯಾವಾಗಲೂ ಹೀಗೇ ಶುರುವಾಗುತ್ತಿತ್ತು, ನೀನು ಓದಿ ನಗುತ್ತಿದ್ದೆ. ಇವತ್ತು ನಾನೂ ಬೇಕಂತಲೇ ಹಾಗೆ ಶುರುಮಾಡಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೋದ ವಾರ ಫೋನಿನಲ್ಲಿ ಕೇಳಿದೆಯಲ್ಲ, "ಸಾವಿರಾರು ವರ್ಷದ ಸಂಸ್ಕೃತಿ ಅಂತ ಎಲ್ಲರೂ ಎದೆ ತಟ್ಟಿಕೊಳ್ತಾರೆ, ಉಳಿದಿರೋದು ಒಡೆದ ಕಲ್ಲು ತಾನೇ ಅಮ್ಮಾ?" ಅಂತ. ಅಷ್ಟರಲ್ಲಿ ಕುಕ್ಕರ್ ಕೂಗಿತು, ನಾನು ಬಚಾವಾದೆ. ನಿಜ ಹೇಳಬೇಕೆಂದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಭಾನುವಾರ ಅಪ್ಪನೂ ನಾನೂ ಬ್ರಹ್ಮಗಿರಿಗೆ ಹೋಗಿ ಬಂದೆವು. ಚಿತ್ರದುರ್ಗ ಜಿಲ್ಲೆ, ಮೊಳಕಾಲ್ಮೂರು ತಾಲ್ಲೂಕು. ಅಲ್ಲಿ ಬಂಡೆಗಳನ್ನು ಯಾರೋ ಬುಟ್ಟಿಯಿಂದ ಸುರಿದು ಹೋದ ಹಾಗೆ ಗುಡ್ಡಗಳಿವೆ. ಅದರಲ್ಲೊಂದು ಬಂಡೆಯ ಮೇಲೆ ಅಶೋಕನ ಶಾಸನ. ಕ್ರಿಸ್ತಪೂರ್ವ ಮೂರನೇ ಶತಮಾನದ್ದು. ಜನ ಅದನ್ನು ಅಕ್ಷರ ಗುಂಡು ಅನ್ನುತ್ತಿದ್ದರಂತೆ. ಹತ್ತಿರದಲ್ಲೇ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಇನ್ನೆರಡು ಇವೆ. ಒಂದಕ್ಕೆ ಎಮ್ಮೆ ತಮ್ಮನ ಗುಂಡು ಅಂತ ಹೆಸರು, ಇನ್ನೊಂದಕ್ಕೆ ಬಳೆಗಾರರ ಗುಂಡು. ಎಂಥ ಚಂದದ ಹೆಸರುಗಳು, ಅಲ್ವಾ? ಒಳಗೇನು ಬರೆದಿದೆ ಅಂತ ಗೊತ್ತಿಲ್ಲದೆ ಜನ ಸುಮ್ನೆ ಅದರ ಪಕ್ಕ ಎಮ್ಮೆ ಮೇಯಿಸಿಕೊಂಡು, ಬಳೆ ಮಾರಿಕೊಂಡು ಇದ್ದರು. 1890ರ ದಶಕದ ಶುರುವಿನಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇವನ್ನು ಹುಡುಕಿ ತೆಗೆದ ಮೇಲೆ ಅದು ಯಾರ ಮಾತು ಅಂತ ಗೊತ್ತಾಯಿತು.

ಮೊದಲು ನನಗೆ ನಿರಾಸೆಯೇ ಆಯಿತು. ಮಧ್ಯಾಹ್ನದ ನೆತ್ತಿ ಬಿಸಿಲು. ಬೂದು ಬಂಡೆಯ ಮೇಲೆ ಗೀಚಿದ ಹಾಗೆ ಗೆರೆಗಳು. ಫೋನಿನಲ್ಲಿ ಫೋಟೋ ತೆಗೆದರೆ ಏನೂ ಕಾಣಲಿಲ್ಲ. ಅಪ್ಪ ಆಗಲೇ ವಾಚು ನೋಡುತ್ತಿದ್ದರು. ಸ್ವಲ್ಪ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದೆ ನೋಡು, ಆಗ ಅಕ್ಷರಗಳು ಒಂದೊಂದಾಗಿ ಎದ್ದವು. ಒಟ್ಟು 13 ಸಾಲು.

ಇದು ಒಂದು ಪತ್ರ, ಪುಟ್ಟೀ! ಮೌರ್ಯರ ದಕ್ಷಿಣದ ಆಡಳಿತ ಕೇಂದ್ರ ಸುವರ್ಣಗಿರಿಯಲ್ಲಿದ್ದ ರಾಜಕುಮಾರನ ಕಡೆಯಿಂದ ಇಸಿಲದ (ಈ ಜಾಗದ ಆಗಿನ ಹೆಸರು ಅಂತಾರೆ) ಅಧಿಕಾರಿಗಳಿಗೆ ಬಂದ ಪತ್ರ. ಮೊದಲ ಸಾಲಿನಲ್ಲೇ "ಆರೋಗಿಯಂ ವತವಿಯಾ" ಅಂತಿದೆ. ಇಸಿಲದವರ ಆರೋಗ್ಯ ವಿಚಾರಿಸಬೇಕು ಅಂತ. ರಾಜಾಜ್ಞೆ ಆಮೇಲೆ, ಕ್ಷೇಮಸಮಾಚಾರ ಮೊದಲು. ಈಗ ಅಜ್ಜನನ್ನು ನೋಡಿ ನಗು.

ಭಾಷೆ ಪ್ರಾಕೃತ. ಆದರೆ ಇಸಿಲ ಅನ್ನೋದು ಕನ್ನಡದ್ದೇ ಪದ ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ಇಸು ಅಂದರೆ ಬಾಣ ಬಿಡು, ಎಸೆ. ಅಪ್ಪ ಇದನ್ನು ಕೇಳಿದ್ದೇ ತಡ, ಮೀಸೆ ತಿರುವಿಕೊಂಡರು.

ಆಮೇಲೆ ಬರೋದು ಅಪ್ಪ ಅಮ್ಮನ ಮಾತು ಕೇಳಬೇಕು, ಸತ್ಯ ಹೇಳಬೇಕು, ಗುರುಗಳಿಗೆ ಗೌರವ ಕೊಡಬೇಕು ಅನ್ನೋ ಬುದ್ಧಿಮಾತು. (ಮೊದಲನೆಯದನ್ನು ನಾನು ಒತ್ತಿ ಹೇಳುತ್ತಿಲ್ಲ, ಕಲ್ಲಲ್ಲೇ ಇದೆ.) ಅದರ ಮುಂದಿನ ಸಾಲು ನನಗೆ ಬಹಳ ಹಿಡಿಸಿತು. "ಏಸಾ ಪೋರಾಣಾ ಪಕಿತೀ." ಇದು ಪುರಾತನ ಕಾಲದಿಂದ ಬಂದ ಪದ್ಧತಿ ಅಂತ. ಎರಡು ಸಾವಿರದ ಇನ್ನೂರು ವರ್ಷ ಹಿಂದಿನವರೂ "ಇದು ಹಳೇ ಕಾಲದ ಪದ್ಧತಿ ಕಣ್ರೋ" ಅಂತಲೇ ಬುದ್ಧಿ ಹೇಳುತ್ತಿದ್ದರು!

ಕೊನೆಗೆ ಬರೆದವನ ಸಹಿ. ಅವನ ಹೆಸರು ಚಪಡ. ಬಂಡೆಯ ತುಂಬಾ ಬ್ರಾಹ್ಮಿ ಲಿಪಿಯಲ್ಲಿ ಬರೆದವನು 'ಲಿಪಿಕರ', ಅಂದರೆ ಬರೆಯುವವನು, ಅನ್ನೋ ಕೊನೆಯ ಪದ ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಅಂದರೆ ದೂರದ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಓಡುತ್ತದೆ. ಈ ಊರಲ್ಲಿ ಅದನ್ನು ಯಾರು ಓದುತ್ತಿದ್ದರು? ನನಗಂತೂ ಅದು ನೂರಕ್ಕೆ ನೂರು ಜಂಬ ಅನ್ನಿಸಿತು. ಎರಡು ಲಿಪಿ ಬರುತ್ತೆ ನೋಡಿ ಅಂತ. ನೀನು ಮೂರನೇ ಕ್ಲಾಸಿನಲ್ಲಿ ನೋಟ್‌ಬುಕ್ಕಿನ ಮೇಲೆ ನಾಲ್ಕು ಬಣ್ಣದ ಪೆನ್ನಲ್ಲಿ ಹೆಸರು ಬರೆದುಕೊಂಡಿದ್ದೆಯಲ್ಲ, ಹಾಗೆ. ಅಶೋಕನ ಹೆಸರು ಈ ಬಂಡೆಯಲ್ಲಿಲ್ಲ, ಬರೀ ದೇವರಿಗೆ ಪ್ರಿಯನಾದವನು ಅಂತಿದೆ. ಹೆಸರು ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನದಲ್ಲಿ, 1915ರಲ್ಲಿ, ಅದೂ ಚಿನ್ನದ ಗಣಿಯ ಎಂಜಿನಿಯರ್ ಒಬ್ಬರ ಕಣ್ಣಿಗೆ. ಚಪಡ ಮಾತ್ರ ತನ್ನ ಹೆಸರು ಬಿಡಲಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಒಂದು ಪೆನ್ನು ತಗೋ. ಬ್ರಾಹ್ಮಿಯ 'ಕ' ಅಂದರೆ ಲೆಕ್ಕದಲ್ಲಿ ಕೂಡುವ ಗುರುತು, ಅಷ್ಟೇ. ಒಂದು ಉದ್ದಗೆರೆ, ಒಂದು ಅಡ್ಡಗೆರೆ. ನಮ್ಮ ಕ ಬರೆದು ನೋಡು. ತಲೆಕಟ್ಟು ತೆಗೆ, ಕೆಳಗಿನ ಸುತ್ತು ಬಿಚ್ಚು, ನಡುವೆ ಅದೇ ಗುರುತು ಕೂತಿದೆ. ನಿನ್ನ ರೂಮ್‌ಮೇಟ್ ಹತ್ತಿರ ಬಂಗಾಳಿ ಕ ಬರೆಸು, ಅಲ್ಲೂ ಸಿಗುತ್ತೆ. ಬ್ರಾಹ್ಮಿಯ 'ಗ' ಸುಮ್ನೆ ಒಂದು ಗುಡಿಸಲಿನ ಸೂರು, ನಮ್ಮ ಗ ಅದನ್ನೇ ಬಗ್ಗಿಸಿಕೊಂಡಿದೆ. 'ಠ' ಒಂದು ಸೊನ್ನೆ.

ಕಾಗುಣಿತವೂ ಅಲ್ಲಿಯದೇ. ಅಕ್ಷರಕ್ಕೆ ಬಲಗಡೆ ಚಿಕ್ಕ ಗೆರೆ ಎಳೆದರೆ ಕಾ, ಬುಡದಲ್ಲಿ ಎಳೆದರೆ ಕು. ಒತ್ತಕ್ಷರ ಕೆಳಗೆ ಬರೆಯೋದೂ ಬ್ರಾಹ್ಮಿಯ ಅಭ್ಯಾಸ. ಒಂದನೇ ಕ್ಲಾಸಿನಲ್ಲಿ "ಕೊಂಬು ಎಲ್ಲಿ ಹಾಕಲಿ?" ಅಂತ ಅತ್ತು ಸ್ಲೇಟು ಎಸೆದಿದ್ದೆ ನೆನಪಿದೆಯಾ? ಆ ಅಳುವಿಗೆ ಎರಡು ಸಾವಿರ ವರ್ಷದ ವಯಸ್ಸು.

ನೀನು ಹೇಳಿದ ಹಾಗೆ ಕಲ್ಲು ಉಳಿಯಿತು, ನಿಜ. ಆದರೆ ಕಲ್ಲನ್ನು ಓದುವವರೇ ಇಲ್ಲವಾಗಿದ್ದರು. ಹದಿನಾಲ್ಕನೇ ಶತಮಾನದಲ್ಲಿ ಫಿರೋಜ್ ಶಾ ತುಘಲಕ್ ಅಶೋಕನ ಎರಡು ಕಂಬಗಳನ್ನು ದಿಲ್ಲಿಗೆ ಸಾಗಿಸಿ ಪಂಡಿತರನ್ನು ಕೂರಿಸಿದರೆ ಒಬ್ಬರಿಗೂ ಓದಲು ಆಗಲಿಲ್ಲ. ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಪೂರ್ತಿ ಬಿಡಿಸಿದ್ದು 1837ರಲ್ಲಿ. ಅಷ್ಟು ಶತಮಾನ ಕಲ್ಲು ಮೂಕವಾಗಿತ್ತು. ಅಕ್ಷರ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಶಾತವಾಹನರು, ಕದಂಬರು, ಹಲ್ಮಿಡಿ ಶಾಸನ ಬರೆದವರು, ಚಾಲುಕ್ಯರು ಅಂತ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಾ ಬಂತು. ತಾಳೆಗರಿಯ ಮೇಲೆ ಕಂಟ ಅನ್ನೋ ಕಬ್ಬಿಣದ ಮೊನೆಯಿಂದ ಗೀಚುವಾಗ ದುಂಡಗಾಯಿತು ಅನ್ನುತ್ತಾರೆ. ಯಾವ ಮೇಷ್ಟ್ರಿಗೂ ತಾನು ಅಕ್ಷರ ಬದಲಾಯಿಸುತ್ತಿದ್ದೇನೆ ಅಂತ ಅನ್ನಿಸಿರಲಿಕ್ಕಿಲ್ಲ. ತನ್ನ ಮೇಷ್ಟ್ರು ತಿದ್ದಿಸಿದ್ದನ್ನೇ ಅವರೂ ತಿದ್ದಿಸಿದರು.

ಇರಲಿ, ಇನ್ನು ಜಾಸ್ತಿ ಕೊರೆಯಲ್ಲ. ವಾಪಸ್ ಬರುವಾಗ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೋಡಿದೆ. ಬೆಲೆ ಕೇಳಿ ಅಪ್ಪ ಹೊರಗೆ ಟೀ ಕುಡಿಯಲು ಹೋದರು. ಅವರು ಬರುವಷ್ಟರಲ್ಲಿ ನಾನು ಎರಡು ತೆಗೆದಿಡಿಸಿ ಅಡ್ವಾನ್ಸ್ ಕೊಟ್ಟಿದ್ದೆ. ಒಂದು ನೇರಳೆ, ಒಂದು ಗಿಳಿಹಸಿರು. ನಿನಗೆ ಯಾವುದು ಬೇಕು ಬೇಗ ಹೇಳು. ಮೆಸೇಜನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಕಳಿಸಿದರೆ ಎರಡೂ ನನ್ನವೇ.

ನಿನ್ನ
ಅಮ್ಮ