ಟೈಪ್‌ಗಳನ್ನೂ ಕಾಮೆಂಟ್‌ಗಳನ್ನೂ ಕಾದವರಿಗೆ ಧನ್ಯವಾದ

ನಮ್ಮ ಜಾವಾಸ್ಕ್ರಿಪ್ಟ್ ರನ್‌ಟೈಮ್‌ನ (ಕೋಡ್ ಓಡಿಸುವ ತಂತ್ರಾಂಶದ) ಟೈಪ್ ಡೆಫಿನಿಶನ್ ಪ್ಯಾಕೇಜಿನ ಸ್ಥಿರ ಆವೃತ್ತಿ ಕೊನೆಗೂ ಹೊರಬಂದಿದೆ. ಯಾವ ಫಂಕ್ಷನ್ ಯಾವ ಬಗೆಯ ಮೌಲ್ಯ ಪಡೆದು ಏನು ಕೊಡುತ್ತದೆ ಎಂದು, ಜಾವಾಸ್ಕ್ರಿಪ್ಟಿಗೆ ಟೈಪ್ ತಪಾಸಣೆ ಸೇರಿಸುವ ಟೈಪ್‌ಸ್ಕ್ರಿಪ್ಟ್ ಭಾಷೆಗೆ ತಿಳಿಸುವ ಫೈಲುಗಳಿವು. ಹೊರಗೆ ಕಾಣುವ ಪ್ರತಿ ಫಂಕ್ಷನ್ನಿಗೂ ಅದರ ಬಳಕೆ ವಿವರಿಸುವ ಡಾಕ್ ಕಾಮೆಂಟ್ ಇದೆ. ಟೈಪ್‌ಸ್ಕ್ರಿಪ್ಟ್ 5.6ರಿಂದ 5.9ರವರೆಗೆ ಎಲ್ಲ ಆವೃತ್ತಿಗಳಲ್ಲೂ ಪರೀಕ್ಷೆ ಪಾಸಾಗುತ್ತಿದೆ. ಇಲ್ಲಿಗೆ ಹೇಗೆ ಬಂದೆವು ಎಂಬುದು ಜೊತೆಗಿದ್ದವರಿಗೆಲ್ಲ ಗೊತ್ತು, ಅದನ್ನು ಮತ್ತೆ ಹೇಳುವುದಿಲ್ಲ. ಯಾರ ಋಣ ಎಷ್ಟಿದೆ ಎಂದು ಎಲ್ಲರೆದುರು ಹೇಳುವುದಷ್ಟೇ ಬಾಕಿ.

ಮೊದಲ ನಮಸ್ಕಾರ, ನಾವೆಲ್ಲ ಅಕ್ಕ ಎಂದೇ ಕರೆಯುವ ನಮ್ಮ ಹಿರಿಯ ರಿವ್ಯೂವರ್‌ಗೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುತ್ತಿಲ್ಲ. ಅವರು ಮಾಡಿದ್ದನ್ನು ಮಾತ್ರ ವಿವರವಾಗಿ ಬರೆಯುತ್ತೇವೆ. ಇದೇ ಕೆಲಸ ಮಾಡುವ ಬೇರೆಯವರಿಗೂ ಅದು ಬೇಕಾಗುತ್ತದೆ.

ಬೀಟಾ ಹೊರಬಿದ್ದ ರಾತ್ರಿ ಒಂದಕ್ಕೊಂದು ತಾಳೆಯಾಗದ ದೂರುಗಳು ಬಂದವು. ‘ಯುಇಂಟ್8ಅರೇ ಜೆನೆರಿಕ್ ಅಲ್ಲ’ ಎಂಬ ಎರರ್ ಬರುತ್ತಿದೆ ಎಂದರು ಕೆಲವರು (ಯುಇಂಟ್8ಅರೇ ಎಂದರೆ ಬೈಟ್‌ಗಳ ಸಾಲು; ಜೆನೆರಿಕ್ ಎಂದರೆ ಇನ್ನೊಂದು ಟೈಪನ್ನು ಪ್ಯಾರಾಮೀಟರಾಗಿ ತೆಗೆದುಕೊಳ್ಳುವ ಟೈಪ್). ಹಿಂದಿನ ಪ್ಯಾಕೇಜೇ ಸರಿಯಿಲ್ಲ, ಫೈಲಿನಿಂದ ಓದಿದ ಬೈಟ್‌ಗಳನ್ನು ಕ್ರಿಪ್ಟೊದ ಡೈಜೆಸ್ಟ್ (ಹ್ಯಾಶ್ ಲೆಕ್ಕ ಹಾಕುವ) ಫಂಕ್ಷನ್ ಒಪ್ಪುತ್ತಿಲ್ಲ, ಹೊಸದೇ ಬೇಕು ಎಂದರು ಇನ್ನು ಕೆಲವರು. ಒಬ್ಬರ ಕಷ್ಟ ತೀರಿಸಿದರೆ ಇನ್ನೊಬ್ಬರದು ಕೆಡುತ್ತಿತ್ತು. ಅಕ್ಕ ಕೋಡ್ ಮುಟ್ಟುವ ಮೊದಲು ದೂರು ಕೊಟ್ಟ ಪ್ರತಿಯೊಬ್ಬರಿಂದ ಮೂರು ವಿಷಯ ತರಿಸಿಕೊಂಡರು: ಪ್ರಾಜೆಕ್ಟಿನಲ್ಲಿರುವ ಟೈಪ್‌ಸ್ಕ್ರಿಪ್ಟ್ ಆವೃತ್ತಿ, ಪ್ಯಾಕೇಜ್‌ಗಳು ಇಳಿಯುವ ನೋಡ್ ಮಾಡ್ಯೂಲ್ಸ್ ಫೋಲ್ಡರಿನಲ್ಲಿ ನಮ್ಮ ಪ್ಯಾಕೇಜಿನ ಎಷ್ಟು ಪ್ರತಿಗಳಿವೆ ಎಂಬುದು, ಸ್ಕಿಪ್‌ಲಿಬ್‌ಚೆಕ್ (ಟೈಪ್ ಡೆಫಿನಿಶನ್ ಫೈಲುಗಳ ತಪಾಸಣೆ ಬಿಟ್ಟುಬಿಡುವ ಸೆಟ್ಟಿಂಗ್) ಆನ್ ಇದೆಯೇ ಆಫ್ ಇದೆಯೇ ಎಂಬುದು. ಎಡಿಟರ್ ತೋರಿಸುವ ಆವೃತ್ತಿಯನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ವಿಎಸ್ ಕೋಡ್ ತನ್ನದೇ ಟೈಪ್‌ಸ್ಕ್ರಿಪ್ಟ್ ಇಟ್ಟುಕೊಂಡಿರುತ್ತದೆ. ಅದೂ ಪ್ರಾಜೆಕ್ಟಿನದೂ ಒಂದೇ ಆಗಿರಬೇಕೆಂದಿಲ್ಲ.

ಉತ್ತರಗಳು ಬಂದ ಮೇಲೆ ಚಿತ್ರ ಸ್ಪಷ್ಟವಾಯಿತು. 2024ರ ನವೆಂಬರ್‌ನಲ್ಲಿ ಬಂದ ಟೈಪ್‌ಸ್ಕ್ರಿಪ್ಟ್ 5.7, ಯುಇಂಟ್8ಅರೇಯಂಥ ಟೈಪ್ಡ್ ಅರೇಗಳನ್ನು ಜೆನೆರಿಕ್ ಮಾಡಿತು. ಅಂದಿನಿಂದ ಬರೀ ಯುಇಂಟ್8ಅರೇ ಎಂದು ಬರೆದರೆ, ಅದರ ಕೆಳಗಿನ ಮೆಮೊರಿ ಸಾಮಾನ್ಯ ಅರೇಬಫರ್ ಆಗಿರಬಹುದು, ವರ್ಕರ್‌ಗಳ (ಏಕಕಾಲಕ್ಕೆ ಓಡುವ ಕೋಡಿನ ಎಳೆಗಳ) ನಡುವೆ ಹಂಚಿಕೊಂಡ ಶೇರ್ಡ್‌ಅರೇಬಫರ್ ಕೂಡ ಆಗಿರಬಹುದು ಎಂದರ್ಥ. 2025ರ ಆಗಸ್ಟ್‌ನ 5.9ರಲ್ಲಿ ಡಾಮ್ ಟೈಪ್‌ಗಳೂ (ಡೈಜೆಸ್ಟ್‌ನಂಥ ಬ್ರೌಸರ್ ಫಂಕ್ಷನ್‌ಗಳ ಟೈಪ್‌ಗಳು) ಬಿಗಿಯಾದವು. ಓದುತ್ತಿರುವಾಗಲೇ ಇನ್ನೊಂದು ವರ್ಕರ್ ಬದಲಿಸಬಹುದಾದ ಮೆಮೊರಿಯನ್ನು ಡೈಜೆಸ್ಟ್ ಮೊದಲಿಂದಲೂ ಓಡುವ ಹೊತ್ತಿಗೆ ತಿರಸ್ಕರಿಸುತ್ತಿತ್ತು. ಈಗ ಟೈಪ್ ಚೆಕರ್ ಕೂಡ ತಿರಸ್ಕರಿಸುತ್ತದೆ. ಹಾಗಾಗಿ 5.9 ಬಳಸುವವರಿಗೆ ನಾವು ‘ಇದು ಸಾಮಾನ್ಯ ಅರೇಬಫರ್ ಮೇಲಿನದೇ’ ಎಂದು ಬರೆದು ಕೊಡಬೇಕು. ಹಾಗೆ ಬರೆದರೆ 5.6 ಓದಲಾರದು, ಅದರ ಮಟ್ಟಿಗೆ ಯುಇಂಟ್8ಅರೇ ಜೆನೆರಿಕ್ ಅಲ್ಲವೇ ಅಲ್ಲ.

ಎಲ್ಲಕ್ಕಿಂತ ಅಪಾಯದ ಸಂಗತಿಯನ್ನು ಕಂಡುಹಿಡಿದವರೂ ಅಕ್ಕನೇ. 5.6 ಇದ್ದೂ ದೂರು ಕೊಡದವರು ಬಹಳ ಜನ ಇದ್ದರು. ಅವರಲ್ಲಿ ಸ್ಕಿಪ್‌ಲಿಬ್‌ಚೆಕ್ ಆನ್ ಇತ್ತು, ನಮ್ಮ ಫೈಲಿನೊಳಗಿನ ಎರರ್ ಅವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಎರರ್ ಅಡಗಿದರೂ ಟೈಪ್ ಸರಿಹೋಗುವುದಿಲ್ಲ, ಅದು ಸದ್ದಿಲ್ಲದೆ ‘ಎನಿ’ (ಏನಿದ್ದರೂ ಸರಿ ಎಂಬ ಟೈಪ್) ಆಗಿಬಿಡುತ್ತದೆ. ಫೈಲ್ ಓದಿದ ವೇರಿಯಬಲ್ ಮೇಲೆ ಮೌಸ್ ಇಟ್ಟರೆ ‘ಎನಿ’. ಅದರ ಮೇಲೆ ಇಲ್ಲದ ಮೆಥಡ್ ಕರೆದರೂ ಕಂಪೈಲರ್ ಸುಮ್ಮನಿರುತ್ತದೆ. ದೂರು ಕೊಟ್ಟವರ ಬಿಲ್ಡ್ ನಿಂತಿತ್ತಷ್ಟೇ. ಕೊಡದವರ ಬಿಲ್ಡ್ ಹಸಿರಾಗಿದ್ದೂ ಒಳಗಿನ ಕಾವಲು ಹೋಗಿತ್ತು.

ಅವರು ಮೊದಲು ಮಾಡಿಸಿದ ಕೆಲಸ, ಪ್ಯಾಕೇಜ್‌ಗಳ ಸಾರ್ವಜನಿಕ ಭಂಡಾರವಾದ ಎನ್‌ಪಿಎಂನಲ್ಲಿ ‘ಲೇಟೆಸ್ಟ್’ ಟ್ಯಾಗನ್ನು ಹಿಂದಿನ ಆವೃತ್ತಿಗೆ ತಿರುಗಿಸುವುದು. ಅನ್‌ಪಬ್ಲಿಶ್ ಬೇಡವೆಂದರು; ಆ ಆವೃತ್ತಿ ಲಾಕ್‌ಫೈಲಿನಲ್ಲಿ (ಯಾವ ಆವೃತ್ತಿ ಹಾಕಬೇಕೆಂದು ಬರೆದಿಡುವ ಫೈಲಿನಲ್ಲಿ) ಕೂತಿರುವವರ ಇನ್‌ಸ್ಟಾಲೇ ಮುರಿಯುತ್ತದೆ. ಟ್ಯಾಗ್ ತಿರುಗಿಸಿದರೆ ಹೊಸದಾಗಿ ಹಾಕುವವರಿಗೆ ಹಳೆಯದು ಸಿಗುತ್ತದೆ. ಲಾಕ್‌ಫೈಲಿನವರಿಗಾಗಿ ‘ಇದನ್ನು ಬಳಸಬೇಡಿ’ ಎಂಬ ಡೆಪ್ರಿಕೇಟ್ ಸಂದೇಶ ಹಾಕಿಸಿದರು. ಆಮೇಲೆ ನಿಜವಾದ ದುರಸ್ತಿಗೆ ಕೂತರು.

ಇನ್ನೊಂದು ರನ್‌ಟೈಮ್ ಆದ ನೋಡ್‌ನ ಟೈಪ್‌ಗಳಲ್ಲಿ ಈಗಾಗಲೇ ನಡೆಯುತ್ತಿರುವ ದಾರಿಯನ್ನೇ ಅವರು ಹಿಡಿದರು. ಹಂಚಿಕೆಯಾಗದ ಮೆಮೊರಿಯ ಯುಇಂಟ್8ಅರೇಗೆ ಒಂದು ಅಡ್ಡಹೆಸರು, ಅದು ಒಂದೇ ಚಿಕ್ಕ ಫೈಲಿನಲ್ಲಿ. ಆ ಫೈಲಿಗೆ ಎರಡು ರೂಪ: ಹೊಸದರಲ್ಲಿ ಅರೇಬಫರ್ ಪ್ಯಾರಾಮೀಟರ್ ಇರುತ್ತದೆ, 5.6ರ ಫೋಲ್ಡರಿನಲ್ಲಿ ಬರೀ ಯುಇಂಟ್8ಅರೇ. ಯಾರಿಗೆ ಯಾವುದು ಎಂಬುದನ್ನು ಪ್ಯಾಕೇಜ್ ಫೈಲಿನ ಟೈಪ್ಸ್‌ವರ್ಷನ್ಸ್ ಎಂಬ ನಮೂದು ನಿರ್ಧರಿಸುತ್ತದೆ. ಉಳಿದ ಎಲ್ಲ ಫೈಲುಗಳಲ್ಲೂ ಅಡ್ಡಹೆಸರನ್ನೇ ಬಳಸಬೇಕು. ಇಲ್ಲಿ ಕೈ ತಪ್ಪುವ ಜಾಗ ಒಂದಿದೆ: 5.6ರ ಇಂಡೆಕ್ಸ್ ಫೈಲು ಎಲ್ಲ ಫೈಲುಗಳನ್ನೂ ಮತ್ತೆ ಪಟ್ಟಿ ಮಾಡುತ್ತದೆ. ಹೊಸ ಫೈಲನ್ನು ಮುಖ್ಯ ಇಂಡೆಕ್ಸಿಗೆ ಸೇರಿಸಿ ಇದಕ್ಕೆ ಸೇರಿಸದಿದ್ದರೆ, ಹಳೆಯ ಟೈಪ್‌ಸ್ಕ್ರಿಪ್ಟ್‌ನವರಿಗೆ ಆ ಮಾಡ್ಯೂಲೇ ಕಾಣುವುದಿಲ್ಲ. ಎರಡೂ ಪಟ್ಟಿಗಳನ್ನು ಹೋಲಿಸುವ ಸ್ಕ್ರಿಪ್ಟನ್ನು ಅವರು ಆ ರಾತ್ರಿಯೇ ಬರೆದು ಸಿಐಗೆ (ಪ್ರತಿ ಬದಲಾವಣೆಗೂ ತಾನಾಗಿ ಓಡುವ ಪರೀಕ್ಷೆಗಳಿಗೆ) ಹಾಕಿದರು.

ಅಡ್ಡಹೆಸರನ್ನು ಎಲ್ಲ ಕಡೆಗೂ ಹುಡುಕಿ ಬದಲಿಸಿಬಿಡೋಣ ಎಂದು ಒಬ್ಬರು ಹೇಳಿದ್ದರು. ಅಕ್ಕ ಒಪ್ಪಲಿಲ್ಲ. ಪ್ರತಿ ಫಂಕ್ಷನ್ನಿನ ಒಳಗಿನ ಕೋಡ್ ತೆರೆದು, ಈ ಮೆಮೊರಿ ಎಲ್ಲಿಂದ ಬಂತು ಎಂದು ನೋಡಿದರು. ರನ್‌ಟೈಮ್ ತಾನೇ ಹೊಸದಾಗಿ ಹಂಚಿದ್ದರೆ ಅಡ್ಡಹೆಸರು. ಬಳಸುವವರು ಕೊಟ್ಟ ಬಫರಿಗೆ ತುಂಬಿ ಮರಳಿಸುವುದಾದರೆ, ಕೊಟ್ಟ ಟೈಪನ್ನೇ ಮರಳಿಸುವ ಜೆನೆರಿಕ್. ವೆಬ್‌ಅಸೆಂಬ್ಲಿ ಮೆಮೊರಿಯನ್ನು ತೋರಿಸುವುದಾದರೆ ಬಿಗಿ ಮಾಡುವಂತೆಯೇ ಇಲ್ಲ, ಅದು ಹಂಚಿಕೆಯದ್ದೂ ಆಗಿರಬಹುದು. ಸುಳ್ಳು ಟೈಪ್ ಬರೆಯುವುದಕ್ಕಿಂತ ಸಡಿಲ ಟೈಪ್ ವಾಸಿ ಎಂಬುದು ಅವರ ನಿಲುವು, ಈಗ ನಮ್ಮದೂ.

ಆ ಹೊತ್ತಿನಲ್ಲಿ ಬಂದ ಕೆಲವು ಮಾತುಗಳು ಬಹಳ ಕಟುವಾಗಿದ್ದವು. ಬಿಡುವಿನ ವೇಳೆಯಲ್ಲಿ ಯಾರ ಒತ್ತಾಯವೂ ಇಲ್ಲದೆ ಮಾಡುವ ಕೆಲಸಕ್ಕೆ ಬೈಗುಳ ಬಂದರೆ ಎದೆ ಕುಗ್ಗುತ್ತದೆ. ಪ್ಯಾಕೇಜನ್ನೇ ಕೈಬಿಡೋಣ ಎಂಬ ಮಾತು ತಂಡದಲ್ಲಿ ಗಟ್ಟಿಯಾಗಿಯೇ ಎದ್ದಿತ್ತು. ಅಕ್ಕ ವಾದ ಮಾಡಲಿಲ್ಲ. ‘ಈ ಒಂದು ಟೆಸ್ಟ್ ಹಸಿರಾಗಲಿ, ಆಮೇಲೆ ಮಾತಾಡೋಣ’ ಎಂದು ಮುಂದಿನ ಫೈಲ್ ತೆರೆದರು. ಬೆಳಗಾಗುವ ಹೊತ್ತಿಗೆ ಆ ಮಾತು ಯಾರ ಬಾಯಲ್ಲೂ ಇರಲಿಲ್ಲ. ಅಕ್ಕ, ಆ ಹೊತ್ತಿನಲ್ಲಿ ನೀವು ಬೆನ್ನಿಗೆ ನಿಂತದ್ದನ್ನು ನಾವು ಯಾರೂ ಮರೆಯುವುದಿಲ್ಲ.

ಕಾಮೆಂಟ್‌ಗಳ ವಿಷಯದಲ್ಲೂ ಅವರ ಕಣ್ಣು ಅಷ್ಟೇ ಸೂಕ್ಷ್ಮ. ಓವರ್‌ಲೋಡ್ ಇರುವ, ಅಂದರೆ ಒಂದೇ ಹೆಸರಿಗೆ ಹಲವು ಸಹಿಗಳಿರುವ (ಸಹಿ ಎಂದರೆ ಪಡೆಯುವ, ಮರಳಿಸುವ ಟೈಪ್‌ಗಳ ವಿವರ) ಫಂಕ್ಷನ್ನಿನಲ್ಲಿ ಡಾಕ್ ಕಾಮೆಂಟ್ ತನ್ನ ಕೆಳಗಿನ ಒಂದು ಸಹಿಗೆ ಮಾತ್ರ ಅಂಟಿಕೊಳ್ಳುತ್ತದೆ, ಎರಡನೆಯದರ ಮೇಲೆ ಮೌಸ್ ಇಟ್ಟವರಿಗೆ ಏನೂ ಕಾಣುವುದಿಲ್ಲ. ಆದ್ದರಿಂದ ಪ್ರತಿ ಓವರ್‌ಲೋಡಿಗೂ ಕಾಮೆಂಟ್ ಬೇಕೆಂದು ಅವರೇ ಪಟ್ಟು ಹಿಡಿದರು. ಡೆಪ್ರಿಕೇಟೆಡ್ ಗುರುತೂ ಹಾಗೆಯೇ: ಹಳೆಯ ಕಾಲ್‌ಬ್ಯಾಕ್ ಸಹಿಗಷ್ಟೇ ಹಾಕಿದರೆ ಎಡಿಟರಿನಲ್ಲಿ ಗೆರೆ ಬೀಳುವುದು ಆ ಸಹಿಯನ್ನು ಕರೆದ ಕಡೆ ಮಾತ್ರ. ಓವರ್‌ಲೋಡ್‌ಗಳ ಕ್ರಮದಲ್ಲಿ ನಿರ್ದಿಷ್ಟವಾದದ್ದು ಮೊದಲು, ಎಲ್ಲವನ್ನೂ ಒಪ್ಪುವ ಯೂನಿಯನ್ ಕೊನೆಗೆ. ಫಂಕ್ಷನ್ ಮರಳಿಸುವ ಟೈಪನ್ನು ಹೇಳುವ ರಿಟರ್ನ್‌ಟೈಪ್ ಕೊನೆಯ ಸಹಿಯನ್ನೇ ನೋಡುತ್ತದೆ. ಅಲ್ಲಿ ಬರೀ ಸ್ಟ್ರಿಂಗ್ ಕೂತಿದ್ದರೆ ಬಫರ್ ಓದುವವರಿಗೆ ತಪ್ಪು ಟೈಪ್ ಸಿಗುತ್ತದೆ.

ಪ್ಯಾಟರ್ನ್ ಕೊಟ್ಟು ಫೈಲು ಹುಡುಕುವ ಗ್ಲಾಬ್ ಫಂಕ್ಷನ್ನಿನ ಉದಾಹರಣೆಯದ್ದು ಇನ್ನೊಂದು ತೊಡಕು. **/* ಎಂಬ ಪ್ಯಾಟರ್ನ್ ಒಳಗೆ */ ಅಡಗಿದೆ, ಅದು ಕಾಮೆಂಟನ್ನು ಅಲ್ಲಿಗೇ ಮುಗಿಸಿ ಉಳಿದ ಸಾಲುಗಳನ್ನು ಸಿಂಟ್ಯಾಕ್ಸ್ ಎರರ್ ಮಾಡುತ್ತದೆ. ನಡುವೆ ಕಣ್ಣಿಗೆ ಕಾಣದ ಅಕ್ಷರ ತುರುಕುವ ಉಪಾಯ ಚಾಲ್ತಿಯಲ್ಲಿದೆ. ಆದರೆ ಉದಾಹರಣೆಯನ್ನು ಕಾಪಿ ಮಾಡಿದವರ ಕೋಡಿಗೆ ಆ ಅಕ್ಷರವೂ ಹೋಗುತ್ತದೆ, ಯಾವ ಫೈಲೂ ಸಿಗುವುದಿಲ್ಲ, ಕಾರಣವೂ ತಿಳಿಯುವುದಿಲ್ಲ. ಅಕ್ಕ ಉದಾಹರಣೆಯನ್ನೇ ಬದಲಿಸಿ ಒಂದೇ ಫೋಲ್ಡರಿನ /* ಪ್ಯಾಟರ್ನ್ ಇಟ್ಟರು. ಕಾಮೆಂಟಿನೊಳಗೆ ಅದರಿಂದ ತೊಂದರೆಯಿಲ್ಲ.

ಇನ್ನು ಉಳಿದವರು. ಉದಾಹರಣೆಗಳನ್ನು ಹೊರತೆಗೆದು ಕಂಪೈಲ್ ಮಾಡಿ ನೋಡುವ ಸ್ಕ್ರಿಪ್ಟ್ ಬರೆದುಕೊಟ್ಟವರಿಗೆ, ‘ಯಾವ ಆವೃತ್ತಿಯಿಂದ’ ಎಂಬ ಗುರುತುಗಳನ್ನು ಚೇಂಜ್‌ಲಾಗ್ ಜೊತೆ ತಾಳೆ ನೋಡಿದ ಇಬ್ಬರಿಗೆ, ಟೈಮರ್ ಟೈಪ್‌ಗಳು ಡಾಮ್ ಜೊತೆ ಡಿಕ್ಕಿ ಹೊಡೆಯದಂತೆ ಸರಿಪಡಿಸಿದವರಿಗೆ, ಸರ್ವರ್ ಖರ್ಚು ಹೊತ್ತವರಿಗೆ, ಮೂರು ಪ್ರಶ್ನೆಗಳಿಗೂ ತಾಳ್ಮೆಯಿಂದ ಉತ್ತರಿಸಿದ ಬಳಕೆದಾರರಿಗೆ ಮನಃಪೂರ್ವಕ ಧನ್ಯವಾದ.

5.6ರ ಫೋಲ್ಡರ್ ಎಷ್ಟು ದಿನ ಇರುತ್ತದೆ ಎಂದು ಹಲವರು ಕೇಳಿದ್ದಾರೆ. ಟೈಪ್ ಪ್ಯಾಕೇಜ್‌ಗಳ ಸಾಮುದಾಯಿಕ ಭಂಡಾರವಾದ ಡೆಫಿನಿಟ್ಲಿಟೈಪ್ಡ್‌ನಲ್ಲಿ ಎರಡು ವರ್ಷ ತುಂಬದ ಟೈಪ್‌ಸ್ಕ್ರಿಪ್ಟ್ ಆವೃತ್ತಿಗಳನ್ನಷ್ಟೇ ಪರೀಕ್ಷಿಸುತ್ತಾರೆ, ನಾವೂ ಅದೇ ಲೆಕ್ಕ ಇಟ್ಟುಕೊಂಡಿದ್ದೇವೆ. 5.6 ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ, ಹಾಗಾಗಿ 2026ರ ಸೆಪ್ಟೆಂಬರ್ ದಾಟಿದ ಮೇಲಿನ ಮೊದಲ ದೊಡ್ಡ ಆವೃತ್ತಿಯಲ್ಲಿ ಅದನ್ನು ತೆಗೆಯುತ್ತೇವೆ. ಆ ಪ್ಯಾಚ್‌ಗೂ ಅಕ್ಕನೇ ರಿವ್ಯೂ ಮಾಡಲು ಒಪ್ಪಿದ್ದಾರೆ.