ಬಾರ್ಸಾ ಲಾಂಛನ: ಪಟ್ಟಿ ನಾಲ್ಕೇ ಇರಲಿ

ಮಾನ್ಯ ಸಂಪಾದಕರೇ,

ಕ್ರೀಡಾಪುಟಕ್ಕೆ ಬಾರ್ಸಿಲೋನಾ (ಬಾರ್ಸಾ) ಫುಟ್‌ಬಾಲ್ ಕ್ಲಬ್ಬಿನ ಲಾಂಛನ ಬರೆಯುವ ಕಲಾವಿದರು ದಯವಿಟ್ಟು ಪಟ್ಟಿ ಎಣಿಸಲಿ. ಮೇಲ್ಭಾಗದಲ್ಲಿ, ನೋಡುವವರ ಎಡಕ್ಕೆ ಬಿಳಿ ನೆಲದ ಮೇಲೆ ಸಂತ ಜಾರ್ಜನ ಕೆಂಪು ಶಿಲುಬೆ. ಬಲಕ್ಕೆ ಹಳದಿಯ ಮೇಲೆ, ಬಾರ್ಸಿಲೋನಾ ಇರುವ ಸ್ಪೇನಿನ ಪ್ರಾಂತ್ಯ ಕ್ಯಾಟಲೋನಿಯಾದ ನಾಲ್ಕು ಕೆಂಪು ಉದ್ದಪಟ್ಟಿ. ಎರಡೂ ನಗರದ ಲಾಂಛನದಿಂದ ಬಂದವು. 1910ರವರೆಗೆ ಕ್ಲಬ್ಬು ಧರಿಸಿದ್ದೂ ಆ ನಗರ ಲಾಂಛನವನ್ನೇ.

ಚಿತ್ರ ಚಿಕ್ಕದಾಯಿತೆಂದು ಪಟ್ಟಿಗಳನ್ನು ಎರಡಕ್ಕಿಳಿಸಿದರೆ ಅರ್ಥವೇ ಕೆಡುತ್ತದೆ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಆಳ್ವಿಕೆಯಲ್ಲಿ ಬಲವಂತವಾಗಿ ಎರಡಕ್ಕಿಳಿಸಿದ್ದರು. ನಾಲ್ಕೂ ಮರಳಿದ್ದು 1949ರ ಕ್ಲಬ್ಬಿನ ಸುವರ್ಣ ಮಹೋತ್ಸವಕ್ಕೆ. ನಡುವಿನ 'ಎಫ್‌ಸಿಬಿ' (ಫುಟ್ಬಾಲ್ ಕ್ಲಬ್ ಬಾರ್ಸಿಲೋನಾ) ಅಕ್ಷರಗಳೂ ಆಗ ಸ್ಪ್ಯಾನಿಷ್ ಕ್ರಮದ 'ಸಿಎಫ್‌ಬಿ' ಆಗಿದ್ದು, ಸರಿಹೋಗಲು 1974 ಬರಬೇಕಾಯಿತು. ಹಾಗಾಗಿ ಹಳೆಯ ಚಿತ್ರ ನೋಡಿ ನಕಲು ಮಾಡುವಾಗ ಅದರ ವರ್ಷ ನೋಡಿಕೊಳ್ಳಲಿ. ಜಾಗ ಸಾಲದಿದ್ದರೆ ಲಾಂಛನದ ಕೆಳಭಾಗದ ಚೆಂಡಿನ ಗೆರೆಗಳನ್ನು ಕಡಿಮೆ ಮಾಡಲಿ, ಪಟ್ಟಿಗಳನ್ನಲ್ಲ.

– ಫುಟ್‌ಬಾಲ್ ಪ್ರಿಯ ಓದುಗರು, ಬೆಂಗಳೂರು